ಹಸಿ ಉಳಿದ ಕೊಂಡಿ

ಗಂಡ ಕನ್ನಡಿಯ ಮುಂದೆ ನಿಂತು ಗಡ್ಡ ಹೆರೆದುಕೊಳ್ಳುತ್ತಿದ್ದ. ಅವಳು ಒಲೆಯ ಮುಂದೆ ನಿಂತು ನಡುಗುತ್ತಿದ್ದಳು. ಚಳಿಯಿರಲಿಲ್ಲ, ಜ್ವರವೂ ಇರಲಿಲ್ಲ. ಇನ್ನೇನು ಅವನು ಅಂಗಿ ತೊಟ್ಟು ಮರದ ಮಿಲ್ಲಿಗೆ ಹೊರಡುತ್ತಾನೆ; ನಿನ್ನೆ ಇಬ್ಬರೂ ಸೇರಿ ರಿಪೇರಿ ಮಾಡಿಕೊಟ್ಟ ಸರಪಳಿಯಲ್ಲಿ ಮೊದಲ ದಿಮ್ಮಿ ಮೇಲೇಳುವಾಗ ಅದರ ಅಡಿಗೆ ಹೋಗಿ ನಿಲ್ಲುತ್ತಾನೆ. ಆ ಸರಪಳಿಯಲ್ಲಿ ಒಂದು ಕೊಂಡಿಯ ಬೆಸುಗೆ ಕೂಡಿಲ್ಲ. ಈ ವಿಷಯ ಅವಳೊಬ್ಬಳಿಗೇ ಗೊತ್ತು.

ಗೊತ್ತಿದ್ದರೆ ಹೇಳುವುದಕ್ಕೇನು ಧಾಡಿ ಎಂದು ನೀವು ಕೇಳಬಹುದು. ದಡದಲ್ಲಿ ನಿಂತವರಿಗೆ ಈಜು ಸುಲಭ. ಅವಳ ನಾಲಿಗೆಯನ್ನು ಏನು ಕಟ್ಟಿಹಾಕಿತ್ತು ಎಂಬುದನ್ನು ಮೊದಲು ಹೇಳಬೇಕು.

ಇಬ್ಬರೂ ಕಬ್ಬಿಣ ಬಡಿಯುವ ಕುಲುಮೆಯಲ್ಲಿ ಎರಡು ಕಟ್ಟಳೆಗಳಿದ್ದವು. ಎರಡನ್ನೂ ಮಾಡಿದವನು ಅವಳ ಅಪ್ಪ. ಮಗಳನ್ನೂ ಕುಲುಮೆಯನ್ನೂ ಅಳಿಯನ ಕೈಗೆ ಒಪ್ಪಿಸಿ ಕಣ್ಣು ಮುಚ್ಚಿದ ಮುದುಕ, ಜೊತೆಗೆ ಇವನ್ನೂ ಬಿಟ್ಟುಹೋಗಿದ್ದ. ಒಂದು: ತಲೆಯ ಮೇಲೆ ತೂಗುವ ವಸ್ತು ಏನೇ ಇರಲಿ, ಸರಪಳಿಯೋ ಕೊಕ್ಕೆಯೋ ಉಂಗುರವೋ, ಅದು ಮೊದಲ ಭಾರ ಎತ್ತುವಾಗ ಮಾಡಿದವನು ಅದರ ಕೆಳಗೆ ನಿಲ್ಲಬೇಕು. ಬೇರೆಯವರ ತಲೆಗೆ ಒಡ್ಡುವ ಮುನ್ನ ತನ್ನ ತಲೆ ಒಡ್ಡಬೇಕು. ಎರಡು: ಕಬ್ಬಿಣ ಬೆಂಕಿಯಲ್ಲಿರುವಷ್ಟು ಹೊತ್ತು ಚಮ್ಮಟಿಗೆಗೆ, ಅಂದರೆ ದೊಡ್ಡ ಸುತ್ತಿಗೆ ಹಿಡಿದವರಿಗೆ, ಬಾಯಿಲ್ಲ. ಮೇಸ್ತ್ರಿಯ ಸಣ್ಣ ಸುತ್ತಿಗೆ ಎಲ್ಲಿ ಕುಟ್ಟುತ್ತದೋ ಅಲ್ಲಿ ಚಮ್ಮಟಿಗೆ ಬೀಳಬೇಕು. ಅದು ಮೆಲ್ಲಗೆ ಕುಟ್ಟಿದರೆ ಮೆಲ್ಲಗೆ, ಜೋರಾಗಿ ಕುಟ್ಟಿದರೆ ಜೋರಾಗಿ. ಸುತ್ತಿಗೆ ಅಡಿಗಲ್ಲಿನ ಮೇಲೆ ಅಡ್ಡ ಮಲಗಿದರೆ ನಿಲ್ಲಿಸಬೇಕು. ಯಾಕೆ ಏನು ಎಂದು ವಾದಕ್ಕೆ ನಿಂತರೆ ಅಷ್ಟರಲ್ಲಿ ಕಬ್ಬಿಣ ಆರಿಹೋಗಿರುತ್ತದೆ.

ಚಮ್ಮಟಿಗೆ ಅವಳದು. ಅಪ್ಪನ ಕಾಲದ ಆಳು ಒಂದು ದಿನ ಸೊಂಟ ಹಿಡಿದುಕೊಂಡು ಮನೆಗೆ ಹೋದವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಎರಡು ದಿನಕ್ಕೆಂದು ಕೈಗೆತ್ತಿಕೊಂಡ ಚಮ್ಮಟಿಗೆಯನ್ನು ಅವಳು ಕೂದಲು ನರೆಯುವವರೆಗೂ ಕೆಳಗಿಡಲಿಲ್ಲ. ಬೀದಿಯವರು ಅವಳಿಗೆ ಗುಡುಗಮ್ಮ ಎಂದು ಹೆಸರಿಟ್ಟಿದ್ದರು. ಗಂಡ ತೋರಿಸಿದ ಕಡೆಯೇ ಹೆಂಡತಿ ಹೊಡೆಯುವ ಮನೆ ಊರಿಗೆಲ್ಲ ಇದೊಂದೇ ಎಂದು ನಗುತ್ತಿದ್ದರು. ನಾವೂ ಅವಳನ್ನು ಗುಡುಗಮ್ಮ ಎಂದೇ ಕರೆಯೋಣ.

ಇನ್ನು ಗಂಡ. ಅವನನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಕಬ್ಬಿಣವನ್ನು ಬಡಿದು ಉದ್ದಕ್ಕೆ ಎಳೆಯುವುದು, ನೆಟ್ಟಗೆ ನಿಲ್ಲಿಸಿ ಕುಟ್ಟಿ ಗಿಡ್ಡ ಮಾಡಿ ತುದಿ ದಪ್ಪವಾಗಿಸುವುದು, ಕಾದಿರುವಾಗಲೇ ಉಳಿ ಇಟ್ಟು ತೂತು ಹೊಡೆಯುವುದು, ಹಗ್ಗದಂತೆ ಹುರಿ ಮಾಡುವುದು, ಇವೆಲ್ಲ ಅವನಿಗೆ ಅನ್ನ ಉಂಡಷ್ಟು ಸಲೀಸು. ಆದರೆ ಅವನ ಹೆಸರು ನಿಂತಿದ್ದುದು ಬೆಂಕಿಯ ಬೆಸುಗೆಯ ಮೇಲೆ. ಎರಡು ತುದಿಗಳನ್ನು ಕಾಯಿಸಿ, ಒಂದರ ಮೇಲೊಂದಿಟ್ಟು ಬಡಿದು, ಹುಟ್ಟಿನಿಂದಲೇ ಒಂದಾಗಿದ್ದವೋ ಎಂಬಂತೆ ಕೂಡಿಸುವ ಕೆಲಸ ಅದು. ಅದಕ್ಕೆ ತೋಳಿಗಿಂತ ಕಣ್ಣು ಮುಖ್ಯ. ಕಬ್ಬಿಣ ಕೆಂಪಾದರೆ ಬಾಗುತ್ತದೆ, ಹಳದಿಯಾದರೆ ಹಿಗ್ಗುತ್ತದೆ; ಕೂಡಬೇಕಾದರೆ ಮಾತ್ರ ಬೆಳ್ಳಗಾಗಬೇಕು, ಮೈಯೆಲ್ಲ ಕರಗಿದ ಬೆಣ್ಣೆ ಸವರಿದಂತೆ ಒದ್ದೆಯಾಗಿ ಹೊಳೆಯಬೇಕು. ಒಂದು ಉಸಿರು ಮೊದಲು ತೆಗೆದರೆ ಹಸಿ, ಒಂದು ಉಸಿರು ತಡವಾದರೆ ಸುಟ್ಟು ಪುಡಿ.

ಆ ಕಣ್ಣು ಮಂಜಾಗಿತ್ತು. ಜೀವಮಾನವೆಲ್ಲ ಬೆಂಕಿಯನ್ನೇ ದಿಟ್ಟಿಸಿದ ಕಣ್ಣಿಗೆ ಪೊರೆ ಬಂದಿತ್ತು. ಮೇಸ್ತ್ರಿ ಬಾಯಿ ಬಿಟ್ಟು ಹೇಳಿರಲಿಲ್ಲ, ಗುಡುಗಮ್ಮ ಕೇಳಿರಲಿಲ್ಲ. ಆದರೆ ಚಹಾ ಲೋಟದ ಪಕ್ಕಕ್ಕೆ ಬೀಳುವುದು, ಇಕ್ಕಳವನ್ನು ಕೈಯಾಡಿಸಿ ಹುಡುಕುವುದು, ಎದುರಿಗೆ ಬಂದವರು ಮಾತಾಡುವವರೆಗೂ ಸುಮ್ಮನೆ ನಗುತ್ತ ನಿಲ್ಲುವುದು ಒಂದೇ ಸೂರಿನಡಿ ಇದ್ದವಳ ಕಣ್ಣಿಗೆ ಬೀಳದೆ ಇರುತ್ತದೆಯೇ? ಅವಳು ಕಂಡೂ ಕಾಣದಂತೆ ಇದ್ದಳು. ಮೇಸ್ತ್ರಿಗೆ ಕಣ್ಣು ಕಾಣುವುದಿಲ್ಲವಂತೆ ಎಂದು ಒಬ್ಬರ ಕಿವಿಗೆ ಬಿದ್ದರೂ ಸಾಕಿತ್ತು, ಭಾರ ಎತ್ತುವ ಒಂದು ಮೊಳೆಯನ್ನೂ ಯಾರೂ ಆ ಕುಲುಮೆಗೆ ತರುತ್ತಿರಲಿಲ್ಲ. ಕುಲುಮೆ ಆರಿದ ಮೇಲೆ ಅವನು ಎಷ್ಟು ದಿನ ಉಳಿಯುತ್ತಾನೆ ಎಂಬ ಭಯ ಅವಳಿಗಿತ್ತು. ಕೆಲಸ ಬಿಟ್ಟ ಮೇಲೆ ಅವಳ ಅಪ್ಪ ಉಳಿದದ್ದು ಒಂದೇ ಬೇಸಿಗೆ.

ನಿನ್ನೆ ಬಂದದ್ದು ಮಿಲ್ಲಿನ ಹಳೆಯ ಸರಪಳಿ. ಹೆಬ್ಬೆರಳು ದಪ್ಪದ್ದು. ದಿಮ್ಮಿ ಎತ್ತುವ ರಾಟೆಯ ಹಲ್ಲುಗಳಿಗೆ ಅಂಗಡಿಯ ಸರಪಳಿ ಕೂರುವುದಿಲ್ಲವೆಂದು, ಸವೆದ ಮೂರು ಕೊಂಡಿಗಳನ್ನು ಕತ್ತರಿಸಿ ತೆಗೆದು ಅದೇ ಅಳತೆಯ ಹೊಸ ಕೊಂಡಿ ಹಾಕಿಕೊಡಬೇಕೆಂದು ಮಿಲ್ಲಿನ ಯಜಮಾನ ಹೇಳಿಕಳಿಸಿದ್ದ. ಒಯ್ಯಲು ಬಂದವರು ಕೆಲಸ ಮುಗಿಯುವವರೆಗೂ ಬಾಗಿಲಲ್ಲೇ ನಿಂತು ಬೀಡಿ ಸೇದುತ್ತಿದ್ದರು. ಮೊದಲ ಕೊಂಡಿ ಸೊಗಸಾಗಿ ಕೂಡಿತು. ನಡುವಿನ ಕೊಂಡಿಯ ಸರದಿ ಬಂತು. ಸರಳನ್ನು ಬಾಗಿಸಿ, ತುದಿಗಳನ್ನು ನಾಲಿಗೆಯ ಹಾಗೆ ತೆಳ್ಳಗೆ ಬಡಿದು, ಪಕ್ಕದ ಕೊಂಡಿಯೊಳಗೆ ತೂರಿಸಿ, ಒಂದರ ಮೇಲೊಂದು ತಂದು, ಮೈಯ ಕೊಳೆ ಕರಗಲೆಂದು ಮರಳು ಉದುರಿಸಿ ಬೆಂಕಿಗೆ ಇಟ್ಟಿದ್ದಾಯಿತು. ಗುಡುಗಮ್ಮ ಚಮ್ಮಟಿಗೆ ಹಿಡಿದು ಕಾಯುತ್ತಿದ್ದಳು. ಕಬ್ಬಿಣ ಹಳದಿಯಾಗಿತ್ತು. ಬೆಳ್ಳಗಾಗಲು ಇನ್ನೂ ಸಮಯವಿತ್ತು. ಅಷ್ಟರಲ್ಲೇ ಮೇಸ್ತ್ರಿ ಇಕ್ಕಳ ಹಾಕಿ ಅದನ್ನು ಹೊರಗೆಳೆದ.

ಇನ್ನೂ ಹಸಿ ಎಂದು ಅವಳಿಗೆ ಗೊತ್ತಾಯಿತು. ಆದರೆ ಸಣ್ಣ ಸುತ್ತಿಗೆ ಆಗಲೇ ಕುಟ್ಟಿ ತೋರಿಸುತ್ತಿತ್ತು. ಬಾಗಿಲಲ್ಲಿ ಮಿಲ್ಲಿನವರು ನೋಡುತ್ತಿದ್ದರು. ಅವಳು ಹೊಡೆದಳು. ಕೂಡುವ ಕಬ್ಬಿಣಕ್ಕೆ ಹೊಡೆದರೆ ಏಟು ಒಳಗೆ ಇಳಿಯುತ್ತದೆ, ಕಿಡಿ ನಾಲ್ಕೂ ಕಡೆ ಚಿಮ್ಮುತ್ತದೆ. ಈ ಏಟು ಇಳಿಯಲಿಲ್ಲ. ಚಮ್ಮಟಿಗೆ ಪುಟಿದು ಹಿಂದಕ್ಕೆ ಬಂತು, ಹಿಡಿ ಅಂಗೈಯಲ್ಲಿ ಜುಮ್ಮೆಂದಿತು. ಇನ್ನೊಂದು ಏಟು, ಮತ್ತೊಂದು. ಮೇಲ್ಮೈ ಮುಚ್ಚಿಕೊಂಡು ನುಣ್ಣಗಾಯಿತು. ಮೂರನೆಯದನ್ನೂ ಕೂಡಿಸಿ ಮೇಸ್ತ್ರಿ ಮೂರೂ ಕೊಂಡಿಗಳನ್ನು ತಟ್ಟಿ ಕಿವಿಗೊಟ್ಟು ನೋಡಿದ. ನಡುವಿನದೂ ಟಣ್ಣೆಂದಿತು. ಅವನು ತಲೆಯಾಡಿಸಿದ, ಮಿಲ್ಲಿನವರು ಸರಪಳಿ ಹೊತ್ತು ನಡೆದೇಬಿಟ್ಟರು. ಗುಡುಗಮ್ಮನ ಅಂಗೈಯ ಜುಮ್ಮು ಮಾತ್ರ ಬೆಳಗಿನವರೆಗೂ ಇಳಿಯಲಿಲ್ಲ.

ರಾತ್ರಿ ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ತನ್ನ ಕೈಯೇ ಸುಳ್ಳು ಹೇಳಿರಬಹುದು, ಮೇಸ್ತ್ರಿಯ ಕಿವಿ ಸುಳ್ಳು ಹೇಳುತ್ತದೆಯೇ ಎಂದುಕೊಂಡಿದ್ದಳು. ಬೆಳಗಾದ ಮೇಲೆ ಆ ಸಮಾಧಾನ ಒಂದು ಕಾಸಿಗೂ ಬೆಲೆ ಬಾಳಲಿಲ್ಲ. ಮೇಸ್ತ್ರಿ ಮುಖ ಒರೆಸಿಕೊಂಡು ತಿಂಡಿಗೆ ಕುಳಿತಾಗ ಅವಳು ಬಾಯಿ ತೆರೆದಳು.

ಇವತ್ತು ಹೋಗಲೇಬೇಕಾ ಎಂದು ಕೇಳಿದಳು. ಇದೇನು ಹೊಸದಾ ಎಂದು ಅವನು ನಕ್ಕ. ಮೋಡ ಕವಿದಿದೆ, ನಾಳೆ ಎತ್ತಿಸಿದರೆ ಆಗದೇ ಎಂದಳು. ಮೋಡಕ್ಕೂ ದಿಮ್ಮಿಗೂ ಏನು ನೆಂಟಸ್ತಿಕೆ ಎಂದ. ನಿನ್ನೆ ನಡುವಿನ ಕೊಂಡಿ ಸ್ವಲ್ಪ ಬೇಗ ತೆಗೆದಂತೆ ಅನ್ನಿಸಿತಪ್ಪ ಎಂದು ಕೊನೆಗೆ ನೆಲ ನೋಡುತ್ತ ಅಂದಳು. ತಟ್ಟೆಯ ಮೇಲಿದ್ದ ಅವನ ಕೈ ನಿಂತಿತು. ಆದರೆ ಅವನು ತಲೆ ಎತ್ತದೆ, "ಬೇಗ ಅನ್ಸಿದ್ರೆ ಆಗ್ಲೇ ಹೇಳ್ತಿದ್ದೆ ಬಿಡು" ಎಂದಷ್ಟೇ ಹೇಳಿ ತುತ್ತು ಬಾಯಿಗಿಟ್ಟ. ಅವನು 'ಹೇಳ್ತಿದ್ದೆ' ಎಂದದ್ದು ಅವಳ ಬಗ್ಗೆಯೋ ತನ್ನ ಬಗ್ಗೆಯೋ ಎಂದು ಕೇಳುವ ಧೈರ್ಯ ಅವಳಿಗಾಗಲಿಲ್ಲ. ಬಾಯಲ್ಲಿ ಬಿಸಿ ತುಪ್ಪ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಅವನು ಕೈ ತೊಳೆದು ಗೋಡೆ ಸವರಿಕೊಂಡು ಬಾಗಿಲು ಕಂಡುಹಿಡಿದು ಹೊರಟುಹೋದ.

ಮನೆಯಲ್ಲಿ ಒಬ್ಬಳೇ ಉಳಿದ ಮೇಲೆ ಅವಳಿಗೆ ನಿಜವಾದ ಭಯ ಏನೆಂದು ಗೊತ್ತಾಯಿತು. ತಟ್ಟೆ ತೊಳೆಯಲು ಹೋದಳು, ಅದು ಕೈಯಿಂದ ಜಾರಿ ಬಿತ್ತು. ಬಿದ್ದ ಸದ್ದಿಗೆ ಕಿವಿ ಮುಚ್ಚಿಕೊಂಡು ಕುಕ್ಕರಿಸಿದಳು. ಬೀಳುವುದು ಎಂದರೆ ಇಷ್ಟೇ. ಮೇಲಿರುತ್ತದೆ, ಕೆಳಗಿರುತ್ತದೆ, ನಡುವೆ ಏನೂ ಇರುವುದಿಲ್ಲ. ಎದ್ದು, ಬಾಗಿಲು ಹಾಕುವುದನ್ನೂ ಮರೆತು ಬೀದಿಗಿಳಿದಳು.

ಮಿಲ್ಲು ಬೀದಿಯ ತುದಿಯಲ್ಲಿ, ಸೇತುವೆ ದಾಟಿ ಬಲಕ್ಕೆ. ದಿನಾ ಹೋಗುವ ದಾರಿಯೇ. ಅವತ್ತು ಅದು ಚೂಯಿಂಗ್ ಗಮ್ಮಿನ ಹಾಗೆ ಉದ್ದವಾಗುತ್ತಲೇ ಹೋಯಿತು. ಸೈಕಲ್ ರಿಪೇರಿಯವನು ಏನು ಗುಡುಗಮ್ಮ ಇಷ್ಟು ಅವಸರ ಎಂದು ಕೂಗಿದ. ದರ್ಜಿಯ ಹೆಂಡತಿ ತನ್ನ ಬಾಗಿಲ ಚಿಲಕ ಸಡಿಲವಾಗಿದೆ ಎಂದು ದಾರಿಗಡ್ಡ ನಿಂತು ಶುರುಮಾಡಿದಳು. ಗುಡುಗಮ್ಮ ಅವಳನ್ನು ಭುಜದಿಂದ ಸರಿಸಿ ಮುಂದೆ ಹೋದಳು. ದರ್ಜಿಯ ಹೆಂಡತಿ ಇದನ್ನು ಆರು ತಿಂಗಳು ಮನಸ್ಸಿನಲ್ಲಿಟ್ಟುಕೊಂಡಳು ಎಂಬುದು ಬೇರೆ ಮಾತು. ಸೇತುವೆಯ ಮೇಲೆ ಬರುವಾಗ ಗರಗಸದ ಸದ್ದು ಕೇಳುತ್ತಿತ್ತು. ನಡು ಸೇತುವೆಯಲ್ಲಿ ಅದು ನಿಂತಿತು. ದಿಮ್ಮಿ ಎತ್ತುವ ಮುನ್ನ ಗರಗಸ ನಿಲ್ಲಿಸುತ್ತಾರೆ. ಅವಳು ಓಡಿದಳು.

ಮಿಲ್ಲಿನ ಅಂಗಳದಲ್ಲಿ ಕೆಲಸದವರೆಲ್ಲ ಗೋಡೆಗೆ ಒರಗಿ ನಿಂತಿದ್ದರು. ರಾಟೆಯ ಚಕ್ರ ತಿರುಗಿಸುತ್ತಿದ್ದವನಿಗೆ ತೂಕಡಿಕೆ ಎಂದು ಅಡ್ಡಹೆಸರು. ನಿಂತಲ್ಲೇ ನಿದ್ದೆ ಹೊಡೆಯುವ ಪ್ರಾಣಿ ಅದು. ಅವತ್ತು ಮಾತ್ರ ಕಣ್ಣರಳಿಸಿಕೊಂಡು ಒಂದೊಂದೇ ಹಲ್ಲು ಎಣಿಸಿದಂತೆ ಚಕ್ರ ತಿರುಗಿಸುತ್ತಿದ್ದ. ನಾಲ್ಕು ಆಳು ತಬ್ಬಿದರೂ ಅಲುಗದ ದಿಮ್ಮಿ. ಅದಾಗಲೇ ಆಳೆತ್ತರ ದಾಟಿ ಮೇಲೆ ತೂಗುತ್ತಿತ್ತು. ಸರಿಯಾಗಿ ಅದರ ಕೆಳಗೆ, ಎರಡು ಕೈಯನ್ನೂ ಹಿಂದೆ ಕಟ್ಟಿಕೊಂಡು, ಕತ್ತು ನೆಟ್ಟಗಿಟ್ಟು ಮೇಸ್ತ್ರಿ ನಿಂತಿದ್ದ.

ಗುಡುಗಮ್ಮ ಮೇಲೆ ನೋಡಿದಳು. ಕೊಕ್ಕೆಯ ಮೇಲೆ ಹೊಸ ಕೊಂಡಿಗಳು ಮೂರೂ ಕಪ್ಪಗೆ ಹೊಳೆಯುತ್ತಿದ್ದವು. ನಡುವಿನದರ ಒಂದು ಬದಿಯಲ್ಲಿ ನಿನ್ನೆ ಇಲ್ಲದ ಒಂದು ಗೆರೆ ಇತ್ತು. ಕೂದಲೆಳೆಯಷ್ಟು ತೆಳ್ಳಗೆ. ಇತ್ತೋ, ಭಯ ಬಿಡಿಸಿದ ಗೆರೆಯೋ, ಅವಳಿಗೆ ತಿಳಿಯಲಿಲ್ಲ. ಕೂಗಬೇಕೆಂದು ಬಾಯಿ ತೆರೆದಳು. ಊರಿಗೆಲ್ಲ ಗುಡುಗಿನ ಹೆಸರಿದ್ದವಳ ಗಂಟಲಿನಿಂದ ಗಾಳಿ ಮಾತ್ರ ಬಂತು. ಆದರೂ ಕಾಲು ಮುಂದಕ್ಕೆ ನಡೆಯಿತು. ಜನ ದೂರವಿರಲೆಂದು ಸುತ್ತ ಕಟ್ಟಿದ್ದ ಹಗ್ಗ ಎತ್ತಿ, ನೇರ ದಿಮ್ಮಿಯ ನೆರಳಿನೊಳಗೆ ಹೋಗಿ ಗಂಡನ ಪಕ್ಕ ನಿಂತಳು.

ಯಜಮಾನ ಅಲ್ಲಿಂದ ಈಚೆ ಬಾರಮ್ಮ ಎಂದು ಕೂಗಿದ. ತೂಕಡಿಕೆ ಚಕ್ರ ಹಿಡಿದು ನಿಲ್ಲಿಸಿದ. ದಿಮ್ಮಿ ಇಬ್ಬರ ತಲೆಯ ಮೇಲೆ ಮೆಲ್ಲಗೆ ಅತ್ತಿಂದಿತ್ತ ತಿರುಗುತ್ತಿತ್ತು. ಮೇಸ್ತ್ರಿ ಹೆಜ್ಜೆ ಸಪ್ಪಳದಿಂದಲೇ ಅವಳನ್ನು ಗುರುತಿಸಿದ್ದ.

"ಯಾಕೆ ಬಂದೆ?" ಎಂದ, ತುಟಿ ಅಲ್ಲಾಡಿಸದೆ.

"ನಡುವಿನದು ಕೂಡಿಲ್ಲ ಕಣ್ರೀ. ಹಸಿ ಉಳಿದಿದೆ. ಆಚೆ ಬನ್ನಿ."

ಅವನ ಮುಖದ ಬಣ್ಣ ಇಳಿಯಿತು. ಆದರೂ ಕಾಲು ಕೀಳಲಿಲ್ಲ. "ಎಲ್ರೂ ನೋಡ್ತಿದಾರೆ. ನೀನು ಹೋಗು, ನಾನು ಆಮೇಲೆ ಏನಾದ್ರೂ ಹೇಳ್ತೀನಿ."

"ಹೋಗಲ್ಲ. ಬಿದ್ರೆ ಇಬ್ರ ಮೇಲೂ ಬೀಳ್ಲಿ."

ಮೇಲೆ ಎಲ್ಲೋ ಟಿಕ್ ಎಂದಿತು. ಬಳೆ ಬಿರುಕು ಬಿಟ್ಟರೆ ಆಗುವಷ್ಟೇ ಸದ್ದು. ಗೋಡೆಗೆ ಒರಗಿದವರಿಗೆ ಕೇಳಿಸಿರಲಿಕ್ಕಿಲ್ಲ. ಕುಲುಮೆಯಲ್ಲಿ ಬಾಳು ಕಳೆದ ಆ ಇಬ್ಬರಿಗೆ ಕೇಳಿಸಿತು. ಮೇಸ್ತ್ರಿ ಅವಳ ತೋಳು ಹಿಡಿದು ಎಳೆದ ರಭಸಕ್ಕೆ ಇಬ್ಬರೂ ಹಗ್ಗಕ್ಕೆ ಎಡವಿ ಮರದ ಪುಡಿಯಲ್ಲಿ ಬಿದ್ದರು. ಅಲ್ಲಿಂದಲೇ ಗುಡುಗಮ್ಮ ಇಳಿಸಿ, ಮೆಲ್ಲಗೆ ಇಳಿಸಿ ಎಂದು ಕೂಗಿದಳು. ಈಗ ಗಂಟಲು ತೆರೆದಿತ್ತು. ತೂಕಡಿಕೆ ಎಣ್ಣೆಯ ದೀಪ ಹೊತ್ತವನಂತೆ ಉಸಿರು ಬಿಗಿಹಿಡಿದು ದಿಮ್ಮಿಯನ್ನು ನೆಲ ಮುಟ್ಟಿಸಿದ.

ದಿಮ್ಮಿ ಕೂತ ಮೇಲೆ ಎಲ್ಲರಿಗೂ ಬಾಯಿ ಬಂತು. ಚೆನ್ನಾಗೇ ಎತ್ತುತ್ತಿತ್ತಲ್ಲ ಎಂದ ಒಬ್ಬ. ಗುಡುಗಮ್ಮ ಯಾರಿಗೂ ಉತ್ತರ ಕೊಡಲಿಲ್ಲ. ಸಡಿಲವಾದ ಸರಪಳಿ ಕೈಗೆತ್ತಿಕೊಂಡು, ಗಂಡನ ಹೆಬ್ಬೆರಳನ್ನು ಹಿಡಿದು ನಡುವಿನ ಕೊಂಡಿಯ ಬದಿಗೆ ಇಟ್ಟಳು. ಬೆರಳು ಮೇಲಿಂದ ಕೆಳಗೆ ಹೋಯಿತು, ಕೆಳಗಿಂದ ಮೇಲೆ ಬಂತು, ಒಂದು ಕಡೆ ನಿಂತಿತು. ಅವನ ಉಗುರು ಪೂರ್ತಿ ಕಬ್ಬಿಣದೊಳಗೆ ಇಳಿದಿತ್ತು.

ಯಜಮಾನನಿಗೆ ಮೊದಲು ಬಂದದ್ದು ಬೆವರು, ಆಮೇಲೆ ಕೋಪ. ದಿನಾ ಆ ದಿಮ್ಮಿಯ ಕೆಳಗೆ ಓಡಾಡುವವರು ತನ್ನ ಜನ ಎಂದು ಅಬ್ಬರಿಸಿದ. ಹೆಂಗಸರ ಕೈಗೆ ಚಮ್ಮಟಿಗೆ ಕೊಟ್ಟರೆ ಇನ್ನೇನಾಗುತ್ತದೆ, ಏಟಿಗೆ ಬಲವಿದ್ದರೆ ತಾನೇ ಕೂಡುವುದು ಎಂದ. ಗೋಡೆಯ ಬಳಿ ಇಬ್ಬರು ಹೌದೆಂದು ತಲೆಯಾಡಿಸಿದರು. ಗುಡುಗಮ್ಮನಿಗೆ ಇದರಿಂದ ಸಮಾಧಾನವೇ ಆಯಿತು ಎಂದರೆ ನಂಬುತ್ತೀರಾ? ತಪ್ಪು ತನ್ನ ತೋಳಿನ ಮೇಲೆ ಬರಲಿ, ಅವನ ಕಣ್ಣು ಉಳಿಯಲಿ ಎಂದು ಅವಳು ತಲೆ ತಗ್ಗಿಸಿ ನಿಂತಳು.

ಮೇಸ್ತ್ರಿ ಮೊಣಕಾಲಿನ ಮರದ ಪುಡಿ ಕೊಡವಿಕೊಂಡು ಎದ್ದ.

"ಅವಳದು ತಪ್ಪಿಲ್ಲ, ಯಜಮಾನ್ರೇ. ನನಗೆ ಕಣ್ಣು ಕಾಣಲ್ಲ. ಕೆಂಪೋ ಬಿಳಿಯೋ ಗೊತ್ತಾಗಲ್ಲ."

ಅವನು ಸರಪಳಿಯನ್ನು ಹೆಗಲಿಗೆ ಹಾಕಿಕೊಂಡು, ಇವತ್ತೇ ಸರಿಮಾಡಿ ತರುತ್ತೇನೆ, ಬೇಡವೆಂದರೆ ಬೇರೆಯವರಿಗೆ ಕೊಡಿ ಎಂದ. ಯಜಮಾನ ಬೇಡ ಎನ್ನಲೂ ಇಲ್ಲ, ಹ್ಞೂಂ ಎನ್ನಲೂ ಇಲ್ಲ. ಗುಡುಗಮ್ಮ ಅವನ ತೋಳು ಹಿಡಿದುಕೊಂಡು ಹೊರಟಳು. ಬೀದಿಯಲ್ಲಿ ಗಂಡನ ಕೈ ಹಿಡಿದು ನಡೆದದ್ದು ಅವಳ ಆಯುಸ್ಸಿನಲ್ಲಿ ಅದೇ ಮೊದಲು.

ಇಬ್ಬರೂ ಸೇತುವೆ ದಾಟಿದರು. ಆಮೇಲೆ ಅವನು ಮೆಲ್ಲಗೆ ಕೇಳಿದ.

"ಹಸಿ ಇತ್ತು ಅಂದ್ರೆ, ನೀನು ಯಾಕೆ ಎತ್ತಿದೆ?"

ಏನು ಎತ್ತಿದೆ ಎಂದು ಅವಳಿಗೆ ಅರ್ಥವಾಗಲಿಲ್ಲ. ಅವನು ವಿವರಿಸಿದ. ಕಳೆದ ಮಳೆಗಾಲದಿಂದ ಬೆಂಕಿ ಅವನಿಗೆ ಒಂದೇ ಬಣ್ಣದ ಮಂಜು. ಆದರೆ ಎದುರಿಗೆ ನಿಂತ ಅವಳ ಆಕಾರ ಕಾಣುತ್ತಿತ್ತು. ಕಬ್ಬಿಣ ಬೆಳ್ಳಗಾಗುವ ಹೊತ್ತಿಗೆ ಅವಳ ಚಮ್ಮಟಿಗೆ ನೆಲ ಬಿಟ್ಟು ಹೆಗಲಿಗೇರುತ್ತದೆ. ಅವಳಿಗೇ ಗೊತ್ತಿಲ್ಲದೆ, ಪ್ರತಿ ಸಲವೂ. ಅವನು ಬೆಂಕಿ ನೋಡುವುದನ್ನು ಬಿಟ್ಟು ಅವಳನ್ನು ನೋಡಲು ಶುರುಮಾಡಿದ್ದ. ಅವಳು ಎತ್ತಿದಾಗ ಅವನು ತೆಗೆಯುತ್ತಿದ್ದ. ಒಂದು ವರ್ಷದಿಂದ ಆ ಕುಲುಮೆಯ ಬೆಸುಗೆಗಳೆಲ್ಲ ಅವಳ ಕಣ್ಣಿನಿಂದಲೇ ಆದವು.

ಗುಡುಗಮ್ಮ ನಡುಬೀದಿಯಲ್ಲಿ ನಿಂತುಬಿಟ್ಟಳು. ನಿನ್ನೆ ಬಲ ಹೆಗಲು ಹಿಡಿದುಕೊಂಡಿತ್ತು. ಕಬ್ಬಿಣ ಕಾಯಲೆಂದು ಕಾಯುತ್ತ, ನೋವು ತಡೆಯದೆ, ಹಿಡಿತ ಬದಲಿಸಲು ಚಮ್ಮಟಿಗೆಯನ್ನು ಒಮ್ಮೆ ಹೆಗಲಿಗೆ ಎತ್ತಿ ಇಳಿಸಿದ್ದಳು. ಅಷ್ಟೇ. ಅವನು ತೆಗೆದದ್ದು ಆಗಲೇ. ಅವನು ಬೇಗ ತೆಗೆದನೆಂದು ಅವಳು ಹೆದರಿ ಬಾಯಿ ಮುಚ್ಚಿದ್ದಳು. ಅವಳು ಎತ್ತಿದಳೆಂದು ಅವನು ನಂಬಿ ಕುಟ್ಟಿದ್ದ. ಗಂಡನನ್ನು ಆ ದಿಮ್ಮಿಯ ಕೆಳಗೆ ಕಳಿಸಿದ್ದು ಅವಳದೇ ಕೈ. ಅವಳಿಗೆ ಅಳು ಬಂತು. ಸೈಕಲ್ ರಿಪೇರಿಯವನ ಎದುರಿಗೇ ಅತ್ತಳು.

"ಒಂದು ಮಾತು ಹೇಳಬಾರದಿತ್ತಾ?" ಎಂದಳು.

"ನೀನು?" ಎಂದ ಅವನು.

ಈ ವರ್ಷದಲ್ಲಿ ಇನ್ನೆಷ್ಟು ಸಲ ಹೀಗೆ ಹೆಗಲು ನೊಂದು ಎತ್ತಿರಬಹುದು ಎಂದು ಅವಳು ನೆನಪಿಸಿಕೊಳ್ಳಲು ಹೆಣಗಿದಳು. ಏಟು ಪುಟಿದದ್ದು ನಿನ್ನೆ ಮಾತ್ರ ಎಂದು ಅಂಗೈ ಹೇಳುತ್ತಿತ್ತು. ಆದರೆ ಬರೀ ಅಂಗೈಯನ್ನು ನಂಬಿ ಕೂರುವ ಧೈರ್ಯ ಈಗ ಇರಲಿಲ್ಲ. ಇನ್ನು ಈ ವರ್ಷ ಮಾಡಿಕೊಟ್ಟ ಒಂದೊಂದನ್ನೂ ಮನೆಮನೆಗೆ ಹೋಗಿ ಮುಟ್ಟಿ ನೋಡದೆ ನಿದ್ದೆ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಮಧ್ಯಾಹ್ನ ಕುಲುಮೆ ಹೊತ್ತಿತು. ಹಸಿ ಕೊಂಡಿಗೆ ಉಳಿ ಇಟ್ಟು ಒಂದು ಏಟು ಹಾಕಿದ್ದೇ ತಡ, ಅದು ಬಾಯಿ ತೆರೆಯಿತು. ಒಳಗೆ ಕಪ್ಪು ಬೂದಿ ಬಣ್ಣ. ಅರ್ಧಕ್ಕಿಂತ ಹೆಚ್ಚು ಭಾಗ ಒಂದಕ್ಕೊಂದು ಮುಟ್ಟಿಯೇ ಇರಲಿಲ್ಲ. ಅವಳು ನೋಡಿದ್ದನ್ನು ನೋಡಿದ ಹಾಗೆ ಅವನಿಗೆ ಹೇಳಿದಳು. ಅವನು ಬೆರಳಾಡಿಸಿ ನೋಡಿ ಅದನ್ನು ಮೂಲೆಗೆ ಎಸೆದ. ಹೊಸ ಸರಳು ಬಾಗಿತು, ತುದಿಗಳು ತೆಳ್ಳಗಾದವು, ಕೊಂಡಿಯೊಳಗೆ ಕೊಂಡಿ ಸೇರಿತು, ಬೆಂಕಿಯೊಳಗೆ ಹೋಯಿತು.

"ಬಂತಾ?" ಎಂದು ಮೇಸ್ತ್ರಿ ಕೇಳಿದ.

ಕಬ್ಬಿಣ ಬೆಂಕಿಯಲ್ಲಿರುವಾಗ ಆ ಮನೆಯಲ್ಲಿ ಯಾರೂ ಹೀಗೆ ಮಾತಾಡಿರಲಿಲ್ಲ. ಅವಳು ಇಷ್ಟು ವರ್ಷ ನೋಡುತ್ತ ನಿಂತಿದ್ದಳು ನಿಜ, ಆದರೆ ನೋಡಿದ್ದಕ್ಕೆ ಜವಾಬು ಹೇಳಬೇಕಾಗಿರಲಿಲ್ಲ. ಈಗ ಹಳದಿ ಎಲ್ಲಿ ಮುಗಿಯುತ್ತದೆ, ಬಿಳಿ ಎಲ್ಲಿ ಶುರುವಾಗುತ್ತದೆ ಎಂದು ಒಂದು ಜೀವ ಅವಳನ್ನು ಕೇಳುತ್ತಿತ್ತು.

"ಇನ್ನೂ ಇಲ್ಲ" ಎಂದಳು. ಅವನು ಮತ್ತೆ ಕೇಳಿದ, ಅವಳು ಮತ್ತೆ ಇಲ್ಲ ಎಂದಳು. ಹಳದಿ ತಿಳಿಯಾಯಿತು. ಕೊಂಡಿಯ ಮೈ ಬೆವರಿತು. ಬೆಂಕಿಯಿಂದ ಒಂದು ಕಿಡಿ ಹೂವಿನಂತೆ ಬಿಚ್ಚಿಕೊಂಡಿತು.

"ಈಗ" ಎಂದು ಅವಳು ಕೂಗಿದಳು.

ಏಟು ಇಳಿಯಿತು. ಹಿಟ್ಟಿನೊಳಗೆ ಮುಷ್ಟಿ ಇಳಿದ ಹಾಗೆ ಇಳಿಯಿತು, ಕಿಡಿ ಗೋಡೆಯವರೆಗೂ ಚಿಮ್ಮಿತು. ಎರಡನೆಯ ಏಟು, ಮೂರನೆಯ ಏಟು. ಸಣ್ಣ ಸುತ್ತಿಗೆ ಅಡ್ಡ ಮಲಗಿತು, ಅವಳು ಚಮ್ಮಟಿಗೆ ಕೆಳಗಿಟ್ಟಳು.

ಸಂಜೆ ಸರಪಳಿ ಹೊತ್ತುಕೊಂಡು ಇಬ್ಬರೂ ಮತ್ತೆ ಮಿಲ್ಲಿಗೆ ಹೋದರು. ಯಜಮಾನ ಮುಖ ಗಂಟಿಕ್ಕಿಕೊಂಡೇ ಬಾಗಿಲು ತೆಗೆಸಿದ. ಈ ಸಲ ಗೋಡೆಗೆ ಒರಗಲು ಯಾರೂ ಬರಲಿಲ್ಲ. ಎಲ್ಲರೂ ಗೇಟಿನ ಆಚೆಗೇ ನಿಂತರು. ತೂಕಡಿಕೆ ಒಬ್ಬ ಮಾತ್ರ ಚಕ್ರದ ಬಳಿ ಇದ್ದ, ಅವನೂ ದೇವರ ಹೆಸರು ಹೇಳಿಕೊಂಡು. ಮೇಸ್ತ್ರಿ ದಿಮ್ಮಿಯತ್ತ ಹೆಜ್ಜೆ ಹಾಕಿದಾಗ ಗುಡುಗಮ್ಮ ಅಡ್ಡ ನಿಂತಳು. ಕಬ್ಬಿಣ ನೋಡಿದ್ದು ತಾನು, ಈಗ ಎಂದದ್ದು ತಾನು, ಮಾಡಿದವಳು ತಾನೇ ಆದ್ದರಿಂದ ನಿಲ್ಲಬೇಕಾದವಳೂ ತಾನೇ ಎಂದು ವಾದಿಸಿದಳು. ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಅವಳ ಭುಜ ಹುಡುಕಿ ಕೈಯಿಟ್ಟು, ಹಾಗಾದರೆ ಕರೆದುಕೊಂಡು ಹೋಗು ಎಂದ.

ಇಬ್ಬರೂ ಒಳಗೆ ಹೋಗಿ ನಿಂತರು. ಚಕ್ರ ಕಿರುಗುಟ್ಟಿತು. ಸರಪಳಿ ಬಿಗಿಯಾಯಿತು. ದಿಮ್ಮಿ ನೆಲ ಬಿಟ್ಟು, ಪಕ್ಕದಿಂದ ಮೇಲೇರಿ, ನಿಧಾನವಾಗಿ ತಲೆಯ ಮೇಲಕ್ಕೆ ಬಂತು. ಸುತ್ತ ನೆರಳಾಯಿತು. ಗುಡುಗಮ್ಮನಿಗೆ ಬಿಟ್ಟು ಓಡಬೇಕೆನ್ನಿಸಿತು. ಅಷ್ಟರಲ್ಲಿ ತನ್ನ ಭುಜದ ಮೇಲಿದ್ದ ಗಂಡನ ಕೈ ಅದುರುತ್ತಿರುವುದು ಗೊತ್ತಾಯಿತು. ಸುತ್ತಿಗೆ ಹಿಡಿದಾಗ ಆ ಕೈ ಅದುರಿದ್ದನ್ನು ಅವಳು ಎಂದೂ ಕಂಡಿರಲಿಲ್ಲ.

"ಹೆದರಿಕೆ ಆಗ್ತಿದೆಯಾ?" ಎಂದಳು.

"ಕಣ್ಣು ಹೋದ ಮೇಲೆ ನಿಂತಾಗೆಲ್ಲ ಹೀಗೇ. ಮೇಲೆ ಏನಾಗ್ತಿದೆ ಅಂತ ಗೊತ್ತಾಗಲ್ವಲ್ಲ."

ವರ್ಷವಿಡೀ ಅವನು ಹೀಗೆ ಒಬ್ಬನೇ, ಏನೂ ಕಾಣದೆ, ಎಷ್ಟು ಭಾರಗಳ ಕೆಳಗೆ ನಿಂತಿದ್ದ ಎಂದು ಅವಳು ಲೆಕ್ಕ ಹಾಕಲು ಹೋಗಲಿಲ್ಲ. ಕತ್ತೆತ್ತಿ ನೋಡಿದಳು. ನೋಡಿದ್ದನ್ನು ಹೇಳತೊಡಗಿದಳು. ನಡುವಿನ ಕೊಂಡಿ ಹಾಗೇ ಇದೆ ಎಂದಳು. ಗೆರೆ ಬಿಟ್ಟಿಲ್ಲ ಎಂದಳು. ದಿಮ್ಮಿ ಸ್ವಲ್ಪ ಎಡಕ್ಕೆ ವಾಲಿದೆ, ಈಗ ಸರಿಹೋಯಿತು, ಈಗ ನಮ್ಮನ್ನು ದಾಟುತ್ತಿದೆ ಎಂದಳು. ದಿಮ್ಮಿ ಆಚೆ ಬದಿಯ ಗಾಡಿಯ ಮೇಲೆ ಹೋಗಿ ಕೂರುವವರೆಗೂ ಅವಳು ನಡುಗುವ ದನಿಯಲ್ಲಿ ಒಂದನ್ನೂ ಬಿಡದೆ ಹೇಳುತ್ತಲೇ ಇದ್ದಳು, ಅವನು ಒಂದೊಂದಕ್ಕೂ ಹ್ಞೂಂ ಎನ್ನುತ್ತ ನಿಂತಿದ್ದ.